ಬಾಗಿಲಿಗೆ ರವೆ ಹಚ್ಚಿದ ಪ್ರಸಂಗ

"ಶೀನು, ನಿನ್ನ ಕಾರಿನಲ್ಲಿ ಸಂಗೀತ ಕೇಳುವುದೆಂದರೆ ಪಕ್ಕದ ಮನೆಯ ಕಚೇರಿಯನ್ನು ಗೋಡೆಗೆ ಲೋಟ ಒತ್ತಿ ಕೇಳಿದ ಹಾಗೆ" ಎಂದು ಮೃದಂಗದ ರಾಯರು ಅಪ್ಪಣೆ ಕೊಡಿಸಿದ ಆ ಭಾನುವಾರವೇ ಮುಂದಿನ ಎಲ್ಲ ಖರ್ಚಿಗೂ ಮೂಲ. ಹಿಂದಿನ ರಾತ್ರಿ ಶೀನು ಅವರನ್ನು ಮಲ್ಲೇಶ್ವರದಿಂದ ಹನುಮಂತನಗರದವರೆಗೆ ತನ್ನ ಕಾರಿನಲ್ಲಿ ಕರೆತಂದಿದ್ದ. ದಾರಿಯುದ್ದಕ್ಕೂ ಭಕ್ತಿಯಿಂದ ಒಂದು ತನಿ ಆವರ್ತನವನ್ನು, ಅಂದರೆ ಮೃದಂಗವೊಂದೇ ನುಡಿಯುವ ಭಾಗವನ್ನು ಹಾಕಿ, ರಾಯರು ಕಣ್ಣು ಮುಚ್ಚಿದ್ದನ್ನು ಕಂಡು ಅವರು ತಲ್ಲೀನರಾಗಿದ್ದಾರೆಂದು ಭಾವಿಸಿದ್ದ. "ತಲ್ಲೀನತೆಯೂ ಇಲ್ಲ, ಏನೂ ಇಲ್ಲ. ಬಲಗೈ ಡಬ್ಬದಲ್ಲಿ ಬಟಾಣಿ ಆಡಿಸಿದಂತೆ ಕೇಳಿಸುತ್ತಿತ್ತು. ಗುಂ ಎನ್ನಬೇಕಾದ ಎಡಗೈಯಂತೂ ಮೆಜೆಸ್ಟಿಕ್‌ನಲ್ಲೇ ಇಳಿದುಹೋಗಿತ್ತು" ಎಂದು ರಾಯರು ಕಾಫಿಯನ್ನು ಆರಿಸುತ್ತ ಹೇಳಿದಾಗ ಶೀನುವಿನ ಮುಖ ಬಾಡಿತು.

ಆದರೆ ಅವನು ಬ್ಯಾಂಕಿನ ಸಾಲ ವಿಭಾಗದವನು. ಬಾಡಿದ ಮುಖದಲ್ಲೂ ಲೆಕ್ಕ ಹಾಕಬಲ್ಲ. ತಕ್ಷಣ ಫೋನು ತೆಗೆದು, ಮೊದಲೇ ಗುರುತು ಹಾಕಿಟ್ಟುಕೊಂಡಿದ್ದ ಒಂದು ಜೊತೆ ಸ್ಪೀಕರುಗಳ ಚಿತ್ರವನ್ನು ನಮ್ಮೆಲ್ಲರ ಮೂಗಿನ ಮುಂದೆ ಹಿಡಿದ. ಬೆಲೆ 2,300 ರೂಪಾಯಿ. ಪೆಟ್ಟಿಗೆಯ ಮೇಲೆ ಬೆಂಕಿಯ ಜ್ವಾಲೆಗಳ ನಡುವೆ 500 ವ್ಯಾಟ್ ಎಂದು ಬರೆದಿತ್ತು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದ ನಮ್ಮ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಆ ಅಂಕಿಯನ್ನು ತಪ್ಪು ಉತ್ತರವನ್ನು ನೋಡುವಂತೆ ನೋಡಿದರು.

"ಶೀನು, ಹೆಣ್ಣು ನೋಡಲು ಹೋಗುವಾಗ ದಲ್ಲಾಳಿ ನಿನ್ನ ಸಂಬಳ ಎಷ್ಟೆಂದು ಹೇಳಿದ್ದ?"

"ನಿಜಕ್ಕಿಂತ ನಾಲ್ಕು ಪಟ್ಟು ಹೆಚ್ಚಾಗಿ ಹೇಳಿದ್ದ ಮೇಷ್ಟ್ರೇ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಈ 500 ಎಂಬುದು ದಲ್ಲಾಳಿ ಹೇಳಿದ ಸಂಬಳ. ತಿಂಗಳ ಕೊನೆಗೆ ಕೈಗೆ ಬರುವುದು ಆರ್‌ಎಂಎಸ್ ಎಂಬ ಇನ್ನೊಂದು ಅಂಕಿ, ಅಂದರೆ ಸ್ಪೀಕರು ಸತತವಾಗಿ ತಾಳಿಕೊಳ್ಳುವಷ್ಟು ವಿದ್ಯುತ್ತು. ಅದನ್ನು ಪೆಟ್ಟಿಗೆಯ ತಳದಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿ ಅಚ್ಚು ಮಾಡಿರುತ್ತಾರೆ, ಇಲ್ಲವೇ ಮಾಡುವುದೇ ಇಲ್ಲ."

ಮೇಷ್ಟ್ರು ಅಷ್ಟಕ್ಕೇ ಬಿಡುವವರಲ್ಲ. ಅಂದಿನ ಪತ್ರಿಕೆಯ ಅಂಚಿನಲ್ಲಿ ಅವರು ಹಾಕಿ ತೋರಿಸಿದ ಲೆಕ್ಕದ ಪ್ರಕಾರ, ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಅಷ್ಟರಲ್ಲಿ ಸಾಮಾನ್ಯ ಸ್ಟೀರಿಯೊ ಒಂದು 4 ಓಮ್‌ನ ಸ್ಪೀಕರಿಗೆ ದನಿ ಒಡೆಯದಂತೆ 25 ವ್ಯಾಟನ್ನೂ ಕೊಡಲಾರದು. ನಿಜವಾಗಿ ದಕ್ಕುವುದು 15ರಿಂದ 20 ಅಷ್ಟೇ. ಸ್ಟೀರಿಯೊದ ಮುಖದ ಮೇಲೆ '50 ವ್ಯಾಟ್ ಗುಣಿಸು 4' ಎಂದು ಬರೆದಿರುವುದೂ ಅದೇ ದಲ್ಲಾಳಿಯ ಕೈಬರಹವಂತೆ. ಹಾಗಾದರೆ ಸ್ಪೀಕರು ಕೊಳ್ಳುವವನು ನೋಡಬೇಕಾದುದೇನು ಎಂದರೆ, ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ ಕಾರಿಗೆ, ಸಂವೇದನಾಶೀಲತೆಯನ್ನು. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಂಕಿ ಅದು. 87 ಡೆಸಿಬೆಲ್‌ನ ಸ್ಪೀಕರು ಹಾಡುವಷ್ಟೇ ಗಟ್ಟಿಯಾಗಿ 90 ಡೆಸಿಬೆಲ್‌ನದು ಅರ್ಧ ವಿದ್ಯುತ್ತಿನಲ್ಲಿ ಹಾಡುತ್ತದೆ. "ಒಂದೇ ಇಡ್ಲಿ ತಿಂದು ಎರಡು ಇಡ್ಲಿಯ ಕೆಲಸ ಮಾಡುವವನು ಎಂದಾಯಿತು" ಎಂದು ಶೀನು ಕೂಡಲೇ ಅರ್ಥಮಾಡಿಕೊಂಡ. ಮಿತವ್ಯಯದ ವಿಷಯದಲ್ಲಿ ಅವನಿಗೆ ಎರಡು ಸಲ ಹೇಳಬೇಕಾಗಿಲ್ಲ.

ಮುಂದಿನ ಪ್ರಶ್ನೆ ಕೋಆಕ್ಸಿಯಲ್ಲೋ ಕಾಂಪೊನೆಂಟೋ ಎಂಬುದು. ಮೊದಲನೆಯದರಲ್ಲಿ ಮಂದ್ರ ನುಡಿಸುವ ವೂಫರಿನ ಹೊಟ್ಟೆಯ ನಡುವೆಯೇ ತಾರ ನುಡಿಸುವ ಟ್ವೀಟರು ಕುಳಿತಿರುತ್ತದೆ. ಎರಡನೆಯದರಲ್ಲಿ ವೂಫರು ಬಾಗಿಲಿನಲ್ಲಿ, ಟ್ವೀಟರು ಕನ್ನಡಿಯ ಪಕ್ಕದ ತ್ರಿಕೋನದಲ್ಲಿ, ಇಬ್ಬರ ನಡುವೆ ಕ್ರಾಸೋವರ್ ಎಂಬ ಸಣ್ಣ ಡಬ್ಬಿ. ಕೂಡುಕುಟುಂಬ, ಬೇರೆ ಮನೆ ಮಾಡಿದ ಅಣ್ಣತಮ್ಮಂದಿರು, ಮಂದ್ರವೆಲ್ಲ ನಿನಗೆ ತಾರವೆಲ್ಲ ಅವನಿಗೆ ಎಂದು ಆಸ್ತಿ ಪಾಲು ಮಾಡಿಕೊಟ್ಟ ಹಿರಿಯ ಎಂದು ನಾನು ವಿವರಿಸಿದ್ದನ್ನು ಯಾರೂ ಮೆಚ್ಚಲಿಲ್ಲ. ಆದರೆ ರಾಯರು ಎತ್ತಿದ ಅಂಶ ಗಟ್ಟಿಯಾಗಿತ್ತು. ತಾರಸ್ಥಾಯಿಯ ಸದ್ದು ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುವಂಥದು. ಸ್ಪೀಕರು ಬಾಗಿಲಿನ ಕೆಳಭಾಗದಲ್ಲಿದ್ದರೆ ಪಿಟೀಲು ಕೇಳುವುದು ನಿಮ್ಮ ಮೊಣಕಾಲಿಗೆ, ಕಿವಿಗಲ್ಲ. ಶೀನುವಿನ ಮೊಣಕಾಲಿಗೆ ಸಂಗೀತಜ್ಞಾನವಿಲ್ಲವೆಂದು ಎಲ್ಲರೂ ಒಪ್ಪಿದ್ದರಿಂದ ಕಾಂಪೊನೆಂಟ್ ಎಂದು ತೀರ್ಮಾನವಾಯಿತು. ಹಿಂದಿನ ಬಾಗಿಲಿನ ಸ್ಪೀಕರುಗಳನ್ನು ಮುಟ್ಟುವುದು ಬೇಡ, ಅಲ್ಲಿ ಕೂರುವವರು ಹೇಗೂ ನಿದ್ರೆ ಮಾಡುತ್ತಾರೆ ಎಂಬುದೂ ಸರ್ವಾನುಮತದಿಂದ ಅಂಗೀಕಾರವಾಯಿತು.

ಮರುವಾರ ನಾವು ನಾಲ್ವರೂ ಜೆ.ಸಿ. ರಸ್ತೆಗೆ ಹೊರಟೆವು. ಟೌನ್‌ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಆ ರಸ್ತೆಯಲ್ಲಿ ಕಾರಿನ ವೇಗ ಸ್ವಲ್ಪ ಇಳಿಸಿದರೆ ಸಾಕು, ಸೀಟ್ ಕವರ್ ಹಾಕುವವರು, ಗಾಜಿಗೆ ಫಿಲ್ಮ್ ಅಂಟಿಸುವವರು, ಹಾರ್ನ್ ಮಾರುವವರು ಕ್ಷೇತ್ರದ ಪುರೋಹಿತರಂತೆ ಸುತ್ತುವರಿಯುತ್ತಾರೆ. ನಾವು ಹೊಕ್ಕ ಅಂಗಡಿಯ ಗೋಡೆಯೊಂದರ ತುಂಬ ಸ್ಪೀಕರುಗಳು. ಕೆಳಗೆ ಸಾಲಾಗಿ ಗುಂಡಿಗಳು. ಹುಡುಗ ಒಂದೊಂದನ್ನೇ ಒತ್ತುತ್ತ, ಎದೆಗೆ ಗುದ್ದುವಂಥ ಯಾವುದೋ ಹಾಡನ್ನು ಹಾಕಿದ. ಆ ಗೋಡೆಯ ಮುಂದೆ ನಿಂತರೆ ಯಾವುದು ಜೋರಾಗಿ ಕಿರಿಚುತ್ತದೆಯೋ ಅದೇ ಉತ್ತಮವೆಂದು ತೋರುವುದು ಸಹಜ. ರಾಯರು ಮಾತ್ರ ತಮ್ಮ ಫೋನಿನಿಂದ ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಹಾಕಿಸಿದರು. ಅಂಗಡಿಯಲ್ಲಿ ಒಮ್ಮೆಗೇ ಮೌನ ಕವಿಯಿತು. ಹುಡುಗ ಮೀಟಿನ ನಡುವಿನ ನಿಶ್ಶಬ್ದವನ್ನು ತಂತಿ ಬಿಟ್ಟುಹೋಗಿದೆಯೆಂದು ತಿಳಿದು ಎರಡು ಸಲ ಹಿಂದೆ ಹೋಗಿ ನೋಡಿ ಬಂದ. ಏಳು ಜೊತೆಗಳಲ್ಲಿ ಮೀಟಿದ ಮೇಲೆ ಸ್ವರ ಮೆಲ್ಲನೆ ಕರಗುವುದು ಕೇಳಿಸಿದ್ದು ಎರಡರಲ್ಲಿ ಮಾತ್ರ. ಅವುಗಳಲ್ಲಿ ಅಗ್ಗದ್ದು 8,200 ರೂಪಾಯಿ. ಆರೂವರೆ ಇಂಚು, 4 ಓಮ್, 90 ಡೆಸಿಬೆಲ್. ಶೀನು ಮೇಲುಸಿರು ಬಿಟ್ಟು ಒಪ್ಪಿದ.

ಆಗ ಕೆಲಸದ ಹುಡುಗ ಕಾರಿನ ಬಳಿಗೆ ಬಂದು, ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಟಣ್ ಎಂದಿತು. "ಸಾರ್, ಇದಕ್ಕೆ ಡ್ಯಾಂಪಿಂಗ್ ಮಾಡಿಸದೆ, ಅಂದರೆ ತಗಡು ನಡುಗದಂತೆ ಶೀಟು ಅಂಟಿಸದೆ, ಯಾವ ಸ್ಪೀಕರು ಹಾಕಿದರೂ ಪ್ರಯೋಜನವಿಲ್ಲ. ಶೀಟೆಲ್ಲ ಸೇರಿ 3,700 ಆಗುತ್ತದೆ" ಎಂದ. ನನ್ನನ್ನು ಕೇಳಿದರೆ, ಆ ದಿನ ಅಲ್ಲಿದ್ದ ಐವರಲ್ಲಿ ವಿಷಯ ಬಲ್ಲವನು ಅವನೊಬ್ಬನೇ. ಆದರೆ ಶೀನು ಸಾಲದ ಅರ್ಜಿಯನ್ನು ತಿರಸ್ಕರಿಸುವ ಧ್ವನಿಯಲ್ಲಿ, "ಹಾಡುವುದು ಸ್ಪೀಕರೋ ಬಾಗಿಲೋ?" ಎಂದು ಕೇಳಿದ.

ಉತ್ತರ ಕೊಟ್ಟವರು ರಾಯರು. "ಶೀನು, ಮೃದಂಗದ ಎಡಮುಖಕ್ಕೆ ಕಚೇರಿಗೆ ಮೊದಲು ನಾವು ಏನು ಹಚ್ಚುತ್ತೇವೆ?"

"ರವೆಯನ್ನು ಕಲಸಿ ಹಚ್ಚುತ್ತೀರಿ. ಚಿಕ್ಕವನಿದ್ದಾಗ ಉಪ್ಪಿಟ್ಟು ಎಂದುಕೊಂಡಿದ್ದೆ."

"ಹಚ್ಚದಿದ್ದರೆ ಆ ಚರ್ಮ ಬರೀ ಪಟಪಟ ಎನ್ನುತ್ತದೆ, ಭಾರ ಬಿದ್ದಾಗಲೇ ಅದು ತಗ್ಗಿ ಗುಂ ಎನ್ನುವುದು. ನಿನ್ನ ಬಾಗಿಲಿನ ತಗಡೂ ಹಾಗೆಯೇ. ಅದಕ್ಕೂ ರವೆ ಹಚ್ಚಬೇಕು."

ಮೇಷ್ಟ್ರು ಇಂಥ ಹೋಲಿಕೆಗಳನ್ನು ಸಾಮಾನ್ಯವಾಗಿ ಸಹಿಸುವುದಿಲ್ಲ. ಅಂದು ಮಾತ್ರ ಭೇಷ್ ಎಂದರು. ಒಂದು ತಿದ್ದುಪಡಿಯನ್ನೂ ಸೇರಿಸಿದರು: ಡ್ಯಾಂಪಿಂಗ್ ಶೀಟಿನ ಬ್ಯುಟೈಲ್ ರಬ್ಬರು ಭಾರ ಕೊಡುವುದಷ್ಟೇ ಅಲ್ಲ, ತಗಡಿನ ನಡುಕವನ್ನು ನುಂಗಿ ಶಾಖವನ್ನಾಗಿ ಮಾಡುತ್ತದೆ. ಜೊತೆಗೆ ಬಾಗಿಲಿನ ಒಳತಗಡಿನಲ್ಲಿ ಅಂಗೈ ತೂರುವಷ್ಟು ದೊಡ್ಡ ಕಿಂಡಿಗಳಿರುತ್ತವೆ. ಸ್ಪೀಕರಿನ ಶಂಕು ಮುಂದಕ್ಕೆ ತಳ್ಳಿದ ಗಾಳಿಗೂ ಹಿಂದಕ್ಕೆ ಎಳೆದ ಗಾಳಿಗೂ ಹಾವು ಮುಂಗುಸಿಯ ಸಂಬಂಧ; ಆ ಕಿಂಡಿಗಳ ಮೂಲಕ ಎರಡೂ ಸಂಧಿಸಿದರೆ ಮಂದ್ರವೆಲ್ಲ ಅಲ್ಲೇ ಹೊಡೆದಾಡಿ ಸಾಯುತ್ತದೆ. ಕಿಂಡಿ ಮುಚ್ಚಿದರೆ ಇಡೀ ಬಾಗಿಲೇ ಸ್ಪೀಕರಿನ ಪೆಟ್ಟಿಗೆಯಾಗುತ್ತದೆ. ಶೀನು ಹಲ್ಲು ಕಚ್ಚಿಕೊಂಡು 3,700ಕ್ಕೂ ಒಪ್ಪಿದ. ಆದರೆ ಎಲ್ಲಿಯಾದರೂ ಉಳಿಸಲೇಬೇಕೆಂಬ ಹಟದಿಂದ, ಕಂಪನಿಯ ತಂತಿಯನ್ನು ಕತ್ತರಿಸದೆ ಜೋಡಿಸುವ 400 ರೂಪಾಯಿಯ ಕಪ್ಲರುಗಳು ಬೇಡವೆಂದುಬಿಟ್ಟ. "ತಂತಿ ತಂತಿಗೆ ಸುತ್ತಿ ಟೇಪು ಹಾಕಿದರೆ ವಿದ್ಯುತ್ತಿಗೆ ಗೊತ್ತಾಗುತ್ತದೆಯೇ?" ಎಂಬುದು ಅವನ ವಾದ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಾಗಿಲು ಬಿಚ್ಚುವುದನ್ನು ನಾನು ಹತ್ತಿರ ಕುಳಿತು ನೋಡಿದೆ. ಹಿಡಿಯ ಹಿಂದೆ ಅಡಗಿದ್ದ ಎರಡು ಸ್ಕ್ರೂಗಳನ್ನು ತೆಗೆದು, ಹುಡುಗ ಒಂದು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿಗೆ ತೂರಿಸಿ ಎತ್ತುತ್ತಿದ್ದಂತೆ ಕ್ಲಿಪ್ಪುಗಳು ಒಂದೊಂದಾಗಿ ಟಪ್ ಟಪ್ ಎಂದು ಬಿಟ್ಟುಕೊಂಡವು. ಒಂದೊಂದು ಟಪ್ಪಿಗೂ ಶೀನು ಹಲ್ಲು ಕೀಳಿಸಿಕೊಳ್ಳುವವನಂತೆ ಮುಖ ಕಿವುಚಿದ. ಒಳಗಿನಿಂದ ಹೊರಬಂದ ಹಳೆಯ ಸ್ಪೀಕರು ಅಂಗೈಯಲ್ಲಿ ಹಗುರವಾಗಿತ್ತು. ಕಾಗದದ ಶಂಕು, ಹಿಂದೆ ನಿಪ್ಪಟ್ಟಿಗಿಂತ ಚಿಕ್ಕದಾದ ಅಯಸ್ಕಾಂತ. ಬಾಗಿಲಿನ ತಳದಲ್ಲಿ ಒಣಗಿದ ಕೆಸರನ್ನೂ, ಅದರಲ್ಲಿ ಹೂತಿದ್ದ ಒಂದು ಪಾರ್ಕಿಂಗ್ ಚೀಟಿಯನ್ನೂ ಕಂಡ ಶೀನು, "ಬಾಗಿಲೊಳಗೆ ಕೆಸರೇಕೆ?" ಎಂದು ಗಾಬರಿಯಾದ. ಮಳೆಯ ನೀರು ಗಾಜಿನ ಮೇಲಿಂದ ಇಳಿದು ಬಾಗಿಲಿನೊಳಗೇ ಹೋಗುತ್ತದೆಂದೂ, ತಳದ ತೂತುಗಳಿಂದ ಹೊರಹೋಗುತ್ತದೆಂದೂ, ಆದ್ದರಿಂದ ಶೀಟು ಅಂಟಿಸುವಾಗ ಆ ತೂತುಗಳನ್ನು ಮುಚ್ಚಬಾರದೆಂದೂ ಹುಡುಗ ತಿಳಿಸಿದ. ಸ್ಪೀಕರಿನ ಕೆಳಗೆ ಕೂರಿಸುವ ಬಳೆಯನ್ನು ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯದಾಗಿ ಹಾಕಿದರೆ ಅದು ನೀರು ಕುಡಿದು ಪೂರಿಯಂತೆ ಉಬ್ಬುತ್ತದೆ. ಹೀಗಾಗಿ 500 ರೂಪಾಯಿಯ ಪ್ಲಾಸ್ಟಿಕ್ ಬಳೆಗಳನ್ನೇ ಹಾಕಿಸಿದೆವು. ಗಾಜನ್ನು ಪೂರ್ತಿ ಕೆಳಗಿಳಿಸಿ, ಹೊಸ ಸ್ಪೀಕರಿನ ಅಯಸ್ಕಾಂತಕ್ಕೆ ಅದು ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಸ್ಕ್ರೂ ಬಿಗಿಸಿದ್ದು. ಬೆಳ್ಳಿಯ ಹಾಳೆಯಂಥ ಶೀಟನ್ನು ಹುಡುಗ ಪುಟ್ಟ ರೋಲರಿನಿಂದ ಚಪಾತಿ ಲಟ್ಟಿಸುವಂತೆ ಲಟ್ಟಿಸಿ ಕೂರಿಸಿದ ಮೇಲೆ ಮತ್ತೆ ತಟ್ಟಿದ. ಈಗ ಬಂದದ್ದು ಟಣ್ ಅಲ್ಲ, ಠಪ್. ರಾಯರು ತಾವೂ ಒಮ್ಮೆ ತಟ್ಟಿ, "ಶ್ರುತಿ ಇಳಿದಿದೆ" ಎಂದು ಪ್ರಮಾಣಪತ್ರ ಕೊಟ್ಟರು.

ಕೂಲಿ 1,400 ಸೇರಿ ಒಟ್ಟು 13,800 ಆಯಿತು. ಶೀನು 10,000 ಕೊಟ್ಟು, ಉಳಿದದ್ದನ್ನು ಕೇಳಿ ನೋಡಿದ ಮೇಲೆ ಕೊಡುವೆನೆಂದ. ಮನೆಯಲ್ಲಿ ಎಷ್ಟೆಂದು ಹೇಳಿದ್ದೀ ಎಂದು ನಾನು ಮೆಲ್ಲಗೆ ಕೇಳಿದಾಗ, ಆರು ಬೆರಳು ತೋರಿಸಿದ.

ಮನೆಯ ಕಡೆಗೆ ಹೊರಟು ಹಾಡು ಹಾಕಿದರೆ, ಟ್ವೀಟರುಗಳು ತಾಳದ ಕಿಣಿಕಿಣಿಯನ್ನು ಚೆನ್ನಾಗಿಯೇ ಕೊಟ್ಟವು. ಗಾಯಕರ ದನಿ ಮಾತ್ರ ಇಂಥ ಕಡೆ ಎಂದು ಹೇಳಲಾಗದಂತೆ ಎಲ್ಲೋ ತೇಲುತ್ತಿತ್ತು, ಮತ್ತು ಎಡಗೈ ಮರಳಿ ಮೆಜೆಸ್ಟಿಕ್‌ಗೆ ಹೋಗಿತ್ತು. ಶೀನು ಅಳುವುದೊಂದು ಬಾಕಿ. ಆಗ ಮೇಷ್ಟ್ರು ಬ್ಯಾಲೆನ್ಸನ್ನು ಪೂರ್ತಿ ಬಲಕ್ಕೆ ತಿರುಗಿಸಿದರು, ಮಂದ್ರ ಬಂತು. ಪೂರ್ತಿ ಎಡಕ್ಕೆ ತಿರುಗಿಸಿದರು, ಆಗಲೂ ಬಂತು. ನಡುವೆ ತಂದರೆ ಮಾಯ. "ಒಬ್ಬೊಬ್ಬರೇ ಇದ್ದಾಗ ಚೆನ್ನಾಗಿದ್ದಾರೆ, ಜೊತೆಗೂಡಿದರೆ ಮಾತಿಲ್ಲ. ಒಂದು ಕಡೆ ಧನ ಋಣ ಅದಲುಬದಲಾಗಿದೆ" ಎಂದು ಅವರು ತೀರ್ಪಿತ್ತರು.

ಮರುದಿನ ಅಂಗಡಿಯಲ್ಲಿ ಬಾಗಿಲುಗಳನ್ನು ಮತ್ತೆ ಬಿಚ್ಚಿಸಿ, ಸ್ಟೀರಿಯೊವನ್ನು ಹೊರಗೆಳೆಸಿ, ಮೇಷ್ಟ್ರು ತಮ್ಮ ಮನೆಯ ಗೋಡೆ ಗಡಿಯಾರದಿಂದ ತೆಗೆದು ತಂದಿದ್ದ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿಗೆ ಹೋಗುವ ತಂತಿಯ ತುದಿಗಳಿಗೆ ತಾಗಿಸಿದರು. ಬಲಗಡೆಯ ಶಂಕು ಪುಟ್ಟನೆ ಹೊರಗೆ ನೆಗೆಯಿತು. ಎಡಗಡೆಯದು ನಾಚಿದಂತೆ ಒಳಗೆ ಸರಿಯಿತು. ಕತ್ತರಿಸಿ ಸುತ್ತಿದ ಜಾಗದಲ್ಲಿ ಗೆರೆಯಿರುವ ತಂತಿ ಗೆರೆಯಿಲ್ಲದ ತಂತಿಗೆ ಸೇರಿಕೊಂಡಿತ್ತು. "ಕಪ್ಲರು ಹಾಕಿದ್ದರೆ ತಿರುಗಾಮುರುಗಾ ಆಗಲು ಸಾಧ್ಯವೇ ಇರುತ್ತಿರಲಿಲ್ಲ ಸಾರ್" ಎಂದು ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ. ಶೀನು 400 ರೂಪಾಯಿಯ ಕಪ್ಲರುಗಳಿಗೆ ಕೈ ಚಾಚಿದ.

ಆ ಶನಿವಾರ ಅವನು ಹೆಂಡತಿಯನ್ನೂ ನಮ್ಮನ್ನೂ ಕೂರಿಸಿಕೊಂಡು ಪ್ರದರ್ಶನಕ್ಕೆ ಹೊರಟ. ನಿಜ ಹೇಳಬೇಕೆಂದರೆ ನಮಗೆ ರೋಮಾಂಚನವಾಯಿತು. ಗಾಯಕರು ಡ್ಯಾಶ್‌ಬೋರ್ಡಿನ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತಂತಿತ್ತು. ತಂಬೂರಿಯ ಜೀವ ಕೇಳಿಸುತ್ತಿತ್ತು. ಮೃದಂಗದ ಎಡಮುಖ ಗುಂ ಎಂದಾಗ ರಾಯರು ಹಿಂದಿನ ಸೀಟಿನಲ್ಲಿ ನಿದ್ರೆಯನ್ನೂ ಮರೆತು ತೊಡೆಯ ಮೇಲೆ ತಾಳ ಹಾಕಿದರು. "ಆರು ಸಾವಿರಕ್ಕೆ ಇಷ್ಟು ಚೆನ್ನಾಗಿ ಬರುತ್ತದೆಯೇ?" ಎಂದು ಅತ್ತಿಗೆ ಅಚ್ಚರಿಪಟ್ಟರು. ಶೀನು, "ನೋಡಿ ಕೊಳ್ಳಬೇಕು, ಅಷ್ಟೇ" ಎಂದು ವಿನಯದಿಂದ ನುಡಿಯುತ್ತಿದ್ದಂತೆ ಹಾಡು ನಿಂತು ಫೋನು ಗುಂಯ್‌ಗುಟ್ಟಿತು. ಅವನು ಸ್ಟೀರಿಂಗಿನ ಗುಂಡಿಯನ್ನು ಅಭ್ಯಾಸಬಲದಿಂದ ಒತ್ತಿಬಿಟ್ಟ. ಈ ಸಲ ಡ್ಯಾಶ್‌ಬೋರ್ಡಿನ ನಡುವೆ ಬಂದು ಕುಳಿತವನು ಅಂಗಡಿಯವನು.

"ನಮಸ್ಕಾರ ಸಾರ್, ಸೌಂಡು ಚೆನ್ನಾಗಿದೆಯೇ? ಕಪ್ಲರು ಸೇರಿ ಒಟ್ಟು 14,200 ಆಗಿತ್ತು. ತಾವು ಕೊಟ್ಟದ್ದು 10,000. ಬಾಕಿ 4,200ನ್ನು ಇವತ್ತು ಹಾಕಿಬಿಟ್ಟರೆ ಅನುಕೂಲ."

ಕಾರಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತ ಶಾಂತವಾಗಿ ಹೇಳಿದರು:

"ಸ್ಪೀಕರು ನಿಜವಾಗಿಯೂ ಚೆನ್ನಾಗಿದೆ. ಒಂದೊಂದು ಅಂಕಿಯೂ ಸ್ಪಷ್ಟವಾಗಿ ಕೇಳಿಸಿತು."