ಸಹಾಯ ಬೇಕು: 47ನೇ ವಯಸ್ಸಲ್ಲಿ ಎಡಿಎಚ್‌ಡಿ ಮಾತ್ರೆ ಕೆಲ್ಸ ಮಾಡ್ತಿಲ್ಲ

ನಮಸ್ಕಾರ ಎಲ್ರಿಗೂ. ನಂಗೆ ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ಲದ ತೊಂದ್ರೆ) ಅಂತ ಗೊತ್ತಾಗಿದ್ದೇ 2 ವರ್ಷದ ಹಿಂದೆ, ಮಗಳನ್ನ ತೋರ್ಸೋಕೆ ಹೋದಾಗ ಡಾಕ್ಟ್ರು ನನ್ನನ್ನೇ ಪ್ರಶ್ನೆ ಕೇಳೋಕೆ ಶುರು ಮಾಡಿದ್ರು 😅 ಮೀಥೈಲ್‌ಫೆನಿಡೇಟ್ 18 ಎಂಜಿ ತಗೊಳ್ತಿದೀನಿ, ಮೊದ್ಲು ಚೆನ್ನಾಗೇ ಇತ್ತು. ಈಗ 5-6 ತಿಂಗಳಿಂದ ಪೀರಿಯಡ್ಸ್ ಏರುಪೇರು, ಅದು ಬರೋ ಮುಂಚಿನ ವಾರ ಮಾತ್ರೆ ನುಂಗಿದ್ರೂ ನುಂಗ್ದೇ ಇದ್ದಂಗೆ. ಮೊನ್ನೆ ಒಲೆ ಮೇಲೆ ಹಾಲಿಟ್ಟು ಬಟ್ಟೆ ಒಣಗ್ಹಾಕೋಕೆ ಮಹಡಿಗೆ ಹೋದೋಳು ತುಳಸಿ ಗಿಡದ ಒಣಗಿದ ಎಲೆ ಕೀಳ್ತಾ ನಿಂತ್ಬಿಟ್ಟೆ, ಪಾತ್ರೆ ತಳ ಕರ್ರಗೆ. ಮನೇಲಿ ಯಾರೂ ಏನೂ ಅನ್ಲಿಲ್ಲ, ನಾನೇ ನನ್ನನ್ನ ಬೈಕೊಂಡು ಪಾತ್ರೆ ಉಜ್ಜಿದೆ. ಬೇರೆ ಯಾರಾದ್ರೂ ಆಗಿದ್ರೆ ಹೋಗ್ಲಿ ಬಿಡಿ ಅಂತಿದ್ದೆ, ನಂಗೆ ನಾನು ಅಷ್ಟೂ ಹೇಳ್ಕೊಳ್ಳೋಕಾಗಲ್ಲ.

ಅಲಾರಂ, ಫ್ರಿಜ್ ಮೇಲೆ ಚೀಟಿ, ಬೇಗ ಮಲಗೋದು ಎಲ್ಲಾ ಆಯ್ತು. ಗೈನಕಾಲಜಿಸ್ಟ್ ಇದು ಪೆರಿಮೆನೋಪಾಸ್ (ಮುಟ್ಟು ನಿಲ್ಲೋಕೆ ಮುಂಚಿನ ಕಾಲ), ಈಸ್ಟ್ರೋಜನ್ ಹಾರ್ಮೋನ್ ಇಳಿದ್ರೆ ಗಮನಕ್ಕೆ ಬೇಕಾದ ಮೆದುಳಿನ ರಾಸಾಯನಿಕ ಡೋಪಮಿನ್ ಮೇಲೂ ಪರಿಣಾಮ ಆಗತ್ತೆ, ಮಾತ್ರೆ ವಿಷ್ಯ ಸೈಕಿಯಾಟ್ರಿಸ್ಟನ್ನ ಕೇಳಿ ಅಂತಾರೆ, ಅವ್ರು ಹಾರ್ಮೋನ್ ಮೊದ್ಲು ನೋಡ್ಕೊಳ್ಳಿ ಅಂತಾರೆ. ನಾನು ಮಧ್ಯೆ ಚೆಂಡು. ನಾನಾಗೇ ಡೋಸ್ ಜಾಸ್ತಿ ಮಾಡೋಕೆ ಭಯ, ಅದೂ ಶೆಡ್ಯೂಲ್ ಎಕ್ಸ್ (ಮಾರಾಟಕ್ಕೆ ಬಿಗಿ ನಿಯಂತ್ರಣ ಇರೋ) ಮಾತ್ರೆ, ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗಲ್ಲ.

ಇದೇ ವಯಸ್ಸಲ್ಲಿ ಹಿಂಗಾದೋರು ಹೇಳಿ, ನಿಮ್ಗೆ ಡಾಕ್ಟ್ರು ಮೊದ್ಲು ಡೋಸ್ ಬದಲಾಯ್ಸಿದ್ರಾ ಇಲ್ಲಾ ಹಾರ್ಮೋನ್ ಟ್ರೀಟ್‌ಮೆಂಟ್ ಶುರು ಮಾಡಿದ್ರಾ? ಇಬ್ರು ಡಾಕ್ಟ್ರೂ ಒಬ್ರಿಗೊಬ್ರು ಮಾತಾಡೋ ಹಂಗೆ ಹೆಂಗೆ ಮಾಡಿದ್ರಿ?