ಬೆಕ್ಕಿಗೆ ಮೂರು ವಾರದಿಂದ ಭೇದಿ, ನಿಲ್ಲುತ್ತಲೇ ಇಲ್ಲ

ಪ್ರಶ್ನೆ:
ನಮ್ಮ ಚುಕ್ಕಿಗೆ 8 ತಿಂಗಳು. ಡಾಕ್ಟರ್ ಮೆಟ್ರೊನಿಡಜೋಲ್ ಕೊಟ್ಟರು, ಐದು ದಿನ ಚೆನ್ನಾಗಿತ್ತು, ಔಷಧಿ ಮುಗಿದ ಮೇಲೆ ಮತ್ತೆ ಶುರು. ಆಟ, ಊಟ ಎಲ್ಲ ಸರಿಯಾಗಿದೆ. ಅಮ್ಮ ದಿನಾ ಹಾಲನ್ನ ಹಾಕುತ್ತಾರೆ, ಅದರಿಂದ ಇರಬಹುದಾ?

ಉತ್ತರ 1:
ಮೊದಲು ಹಾಲು ನಿಲ್ಲಿಸಿ. ಮರಿ ದೊಡ್ಡದಾದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ. ಎರಡು ಮೂರು ದಿನ ಬೇಯಿಸಿದ ಕೋಳಿ ಕೊಡಿ, ಉಪ್ಪು, ಈರುಳ್ಳಿ ಬೇಡ. ಅಮ್ಮನನ್ನು ಒಪ್ಪಿಸುವುದೇ ಕಷ್ಟ, ನಮ್ಮ ಮನೆಯಲ್ಲೂ ಅದೇ ಕಥೆ.

ಉತ್ತರ 2:
ಬರೀ ಹಾಲಿನದ್ದಲ್ಲ ಅನಿಸುತ್ತದೆ. ಮಲ ಪರೀಕ್ಷೆ ಮಾಡಿಸಿದ್ದೀರಾ? ಜಿಯಾರ್ಡಿಯಾ ಅಂತ ಕರುಳಿನ ಪರೋಪಜೀವಿ ಇದೆ, ಅದು ಪರೀಕ್ಷೆಯಲ್ಲಿ ಪ್ರತಿ ಸಲ ಕಾಣಿಸುವುದಿಲ್ಲ, ಒಂದು ಸಲ ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ, ಬೇರೆ ಬೇರೆ ದಿನದ 3 ಸ್ಯಾಂಪಲ್ ಕೊಡಿ. ಟ್ರೈಟ್ರೈಕೊಮೊನಾಸ್ ಅಂತ ಇನ್ನೊಂದು ಪರೋಪಜೀವಿ ಇದೆ, ಎಳೆ ಬೆಕ್ಕುಗಳಲ್ಲೇ ಜಾಸ್ತಿ, ಬೆಕ್ಕು ಆರಾಮಾಗಿ ಆಡಿಕೊಂಡಿರುತ್ತದೆ, ಭೇದಿ ಮಾತ್ರ ಬಿಡುವುದಿಲ್ಲ. ಮೆಟ್ರೊನಿಡಜೋಲ್‌ಗೆ ಅದು ಪೂರ್ತಿ ಹೋಗುವುದಿಲ್ಲ. ಮಲದಲ್ಲಿ ಅದರ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ.

ಉತ್ತರ 3:
ಮನುಷ್ಯರ ಭೇದಿ ಮಾತ್ರೆ ಸುಮ್ನೆ ಕೊಡಬೇಡಿ. ರಕ್ತ, ವಾಂತಿ ಕಂಡರೆ, ಊಟ ಬಿಟ್ಟರೆ, ಅವತ್ತೇ ಕರೆದುಕೊಂಡು ಹೋಗಿ. ಮಲದ ಟ್ರೇ ದಿನಾ ತೊಳೆಯಿರಿ.

ಪ್ರಶ್ನೆ ಕೇಳಿದವರು:
ಮಲ ಪರೀಕ್ಷೆ ಮಾಡಿಸಿಯೇ ಇಲ್ಲ! ನಾಳೆ ಬೆಳಿಗ್ಗೆಯೇ ಸ್ಯಾಂಪಲ್ ಒಯ್ಯುತ್ತೇನೆ. ಹಾಲಿನ ಪಾತ್ರೆ ಬಚ್ಚಿಟ್ಟಾಯಿತು.