ಕಡಲಂಚಿನ ಗಾಲ್ಫ್ ಪ್ರವಾಸ: ಕೋರ್ಸ್ ಆರಿಸುವ ಬಗೆ (ಪ್ರಶ್ನೋತ್ತರ)

ಪ್ರಶ್ನೆ (ಮುಂಬೈ ಮಾಟುಂಗದ ಹೋಟೆಲ್ ಮಾಲೀಕರು): ನಮಸ್ಕಾರ ಕೋಚ್ ಸರ್. ನಾವು ನಾಲ್ವರು ಗೆಳೆಯರು, ಎಲ್ಲರೂ ಅರವತ್ತರ ಆಸುಪಾಸಿನವರು. ಹತ್ತು ವರ್ಷಗಳಿಂದ ಚೆಂಬೂರಿನಲ್ಲಿ ಆಡುತ್ತಿದ್ದೇವೆ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ) 18ರಿಂದ 24ರೊಳಗೆ. ಈಗ ಮಕ್ಕಳು ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಾರೆ. ಹಾಗಾಗಿ ಹತ್ತು ದಿನ ಬಿಡುವು ಮಾಡಿಕೊಂಡು, ಸಮುದ್ರ ಕಾಣುವ ಲಿಂಕ್ಸ್ ಕೋರ್ಸ್‌ಗಳಲ್ಲಿ ಆಡಿ ಬರೋಣವೆಂದಿದ್ದೇವೆ. ಫೋಟೊಗಳನ್ನು ನೋಡಿ ಮಾಡಿದ ಪಟ್ಟಿ ಇದು: ಅಮೆರಿಕದ ಪೆಬಲ್ ಬೀಚ್, ಐರ್ಲೆಂಡಿನ ಓಲ್ಡ್ ಹೆಡ್, ಸ್ಕಾಟ್ಲೆಂಡಿನ ಟರ್ನ್‌ಬೆರಿ ಮತ್ತು ಸೇಂಟ್ ಆಂಡ್ರೂಸ್. ಯಾವುದನ್ನು ಉಳಿಸಿಕೊಳ್ಳಬೇಕು?

ಉತ್ತರ (ಗಾಲ್ಫ್ ತರಬೇತುದಾರರು, ಚೆಂಬೂರು): ಅಣ್ಣ, ನಿಮ್ಮ ಪಟ್ಟಿಯ ನಾಲ್ಕರಲ್ಲಿ ಎರಡು ಲಿಂಕ್ಸ್ ಕೋರ್ಸ್‌ಗಳೇ ಅಲ್ಲ. ಪೆಬಲ್ ಬೀಚ್, ಓಲ್ಡ್ ಹೆಡ್ ಎರಡೂ ಕಡಿದಾದ ಬಂಡೆಯ ನೆತ್ತಿಯ ಮೇಲೆ ಇರುವಂಥವು. ಕೆಳಗೆ ಅಲೆ, ಮೇಲೆ ಹಸಿರು, ಫೋಟೊಗೆ ಇನ್ನೇನು ಬೇಕು? ಲಿಂಕ್ಸ್ ಎಂದರೆ ಒಂದು ಬಗೆಯ ನೆಲ. ಸಮುದ್ರ ಹಿಂದೆ ಸರಿದಾಗ ಬಿಟ್ಟುಹೋದ ಮರಳನ್ನು ಗಾಳಿ ದಿಬ್ಬ ದಿಬ್ಬವಾಗಿ ಒಟ್ಟಿ, ಅದರ ಮೇಲೆ ನವಿರಾದ ಗಟ್ಟಿ ಹುಲ್ಲು ಹಬ್ಬಿ ಆದ ಪಟ್ಟಿ ಅದು. ಉಳುವುದಕ್ಕೆ ಬಾರದ ಈ ನೆಲದಲ್ಲಿ ಜನ ಕುರಿ ಮೇಯಿಸಿದರು, ಮತ್ತು ಚೆಂಡು ಹೊಡೆದರು. ಮಲ್ಪೆಯಲ್ಲೋ ಮರವಂತೆಯಲ್ಲೋ ಸಮುದ್ರಕ್ಕೂ ತೆಂಗಿನ ತೋಟಕ್ಕೂ ನಡುವೆ ನೇರಳೆ ಹೂವಿನ ಬಳ್ಳಿ ಹಬ್ಬಿದ ಮರಳಿನ ಪಟ್ಟಿ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಅದರ ಮೇಲೆ ತಂಪು ದೇಶದ ಹುಲ್ಲು ಬೆಳೆದರೆ ಹೇಗೋ ಹಾಗೆ.

ಅಲ್ಲಿ ಮಳೆಯ ನೀರು ನಿಲ್ಲುವುದಿಲ್ಲ. ಹೆಜ್ಜೆ ಇಟ್ಟರೆ ಚೆಂಬೂರಿನ ಹಾಗೆ ಮೆತ್ತಗೆ ಒಳಗಿಳಿಯದೆ ಅಂಗಾಲಿಗೆ ಗಟ್ಟಿಯಾಗಿ ತಾಗುತ್ತದೆ. ಚೆಂಡು ಬಿದ್ದ ಮೇಲೂ ಉಬ್ಬುತಗ್ಗುಗಳನ್ನು ಹಿಡಿದು ಬಹಳ ದೂರ ಓಡುತ್ತದೆ. ಆ ಓಟವನ್ನು ನೋಡುವುದಕ್ಕಾಗಿಯೇ ನಾನು ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತೇನೆ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿನಲ್ಲಿ ಸಮುದ್ರ ಕಾಣುವುದು ಬಹಳ ಕಡಿಮೆ. ಮೊದಲ ಟೀ ಮೇಲೆ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ನಿಂತಾಗ ಕಾಣುವುದು ಒಂದು ಅಗಲವಾದ ಚಪ್ಪಟೆ ಬಯಲು. ಇದಕ್ಕೇನಾ ಇಷ್ಟು ದೂರ ಬಂದದ್ದು ಎಂದು ಅನೇಕರಿಗೆ ಅನಿಸುತ್ತದೆ. ಅಲ್ಲಿನ 112 ಬಂಕರ್‌ಗಳಲ್ಲಿ (ಮರಳಿನ ಗುಂಡಿಗಳಲ್ಲಿ) ಎಷ್ಟೋ ಟೀಯಿಂದ ಕಣ್ಣಿಗೇ ಬೀಳುವುದಿಲ್ಲ, ಚೆಂಡು ಮಾತ್ರ ಹೋಗಿ ಅಲ್ಲೇ ಬೀಳುತ್ತದೆ. ಏಳು ಗ್ರೀನ್‌ಗಳು, ಅಂದರೆ ಧ್ವಜ ನೆಟ್ಟ ನುಣುಪು ಹುಲ್ಲಿನ ಅಂಗಳಗಳು, ತಲಾ ಎರಡು ಹೋಲ್‌ಗಳಿಗೆ (ಟೀಯಿಂದ ಧ್ವಜದವರೆಗಿನ ಆಟದ ತುಂಡುಗಳಿಗೆ) ಸೇರಿದವು, ಆದ್ದರಿಂದ ಎಪ್ಪತ್ತು ಎಂಬತ್ತು ಅಡಿಯ ಪಟ್ (ಚೆಂಡನ್ನು ನೆಲದ ಮೇಲೆ ಉರುಳಿಸುವ ಹೊಡೆತ) ಅಲ್ಲಿ ದಿನನಿತ್ಯದ ಮಾತು. ಆ ಕೋರ್ಸ್ ಮೊದಲ ದಿನವೇ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೇ ಅದನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ.

ನನ್ನ ಸಲಹೆ: ಒಂದೇ ಸೀಮೆಯನ್ನು ಹಿಡಿಯಿರಿ. ಟರ್ನ್‌ಬೆರಿಯಲ್ಲಿ ದೀಪಸ್ತಂಭದ ಸುತ್ತಿನ ಹೋಲ್‌ಗಳೂ ಎದುರಿಗೆ ಆಲ್ಸಾ ಕ್ರೇಗ್ ದ್ವೀಪವೂ ನಿಜಕ್ಕೂ ಸುಂದರ. ಆದರೆ ಅದು ಪಶ್ಚಿಮ ಕರಾವಳಿಯಲ್ಲಿದೆ, ಈ ಸಲ ಬಿಡಿ. ಎಡಿನ್‌ಬರೋದಲ್ಲಿ ಇಳಿದು, ಮೊದಲ ನಾಲ್ಕು ದಿನ ಅದರ ಪೂರ್ವಕ್ಕಿರುವ ನಾರ್ತ್ ಬೆರಿಕ್‌ನಲ್ಲಿ ಉಳಿಯಿರಿ. ಆಮೇಲೆ ಫೋರ್ತ್ ಕೊಲ್ಲಿಯ ಆಚೆಯ ಫೈಫ್ ಸೀಮೆಗೆ ಬನ್ನಿ. ಹತ್ತು ದಿನಕ್ಕೆ ಆರು ಸುತ್ತು ಸಾಕು. ಅರವತ್ತರ ಕಾಲುಗಳಿಗೆ ನಡುನಡುವೆ ಬಿಡುವು ಬೇಕು, ಅಲ್ಲಿ ಬಹುಪಾಲು ನಡೆದೇ ಆಡಬೇಕು.

ಮರುಪ್ರಶ್ನೆ (ಅವರೇ): ಹಾಗಾದರೆ ಆ ಆರು ಯಾವುವು ಸರ್? ದುಡ್ಡಿನ ಲೆಕ್ಕವನ್ನೂ ಹಾಕಬೇಕಲ್ಲ.

ಉತ್ತರ: ಮೊದಲು ಗಲ್ಲೆನ್ ಒಂದನೇ ಕೋರ್ಸ್. ಅದು ಒಂದು ಗುಡ್ಡವನ್ನು ಏರಿ ಇಳಿಯುತ್ತದೆ, ತುದಿಯಲ್ಲಿ ನಿಂತರೆ ಇಡೀ ಫೋರ್ತ್ ಕೊಲ್ಲಿ ಕಣ್ಣ ಮುಂದೆ. ಎರಡನೆಯದು ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್. ನನ್ನನ್ನು ಒಂದೇ ಒಂದು ಕೋರ್ಸ್ ಹೇಳು ಎಂದರೆ ಇದನ್ನೇ ಹೇಳುತ್ತೇನೆ. ಅದರ 13ನೇ ಹೋಲ್‌ನಲ್ಲಿ ಗ್ರೀನ್‌ನ ಮುಂದೆಯೇ ಒಂದು ಹಳೆಯ ಕಲ್ಲಿನ ಗೋಡೆ ಅಡ್ಡ ನಿಂತಿದೆ, ಚೆಂಡನ್ನು ಅದರ ಮೇಲಿಂದ ದಾಟಿಸಬೇಕು. 15ನೆಯದು ರೆಡಾನ್ ಎಂಬ ಸಣ್ಣ ಹೋಲ್, ಗ್ರೀನ್ ನಿಮ್ಮಿಂದ ಓರೆಯಾಗಿ ಹಿಂದಕ್ಕೆ ಇಳಿಯುತ್ತದೆ. ನೇರವಾಗಿ ಧ್ವಜಕ್ಕೆ ಹೊಡೆದವನಿಗೆ ಅದು ಒಲಿಯುವುದಿಲ್ಲ. ಬಲಕ್ಕೆ ಬೀಳಿಸಿ ಇಳಿಜಾರಿನ ಮೇಲೆ ಉರುಳಲು ಬಿಡಬೇಕು. ಜಗತ್ತಿನ ಎಷ್ಟೋ ಕೋರ್ಸ್‌ಗಳು ಈ ಒಂದು ಹೋಲನ್ನು ನಕಲು ಮಾಡಿವೆ. ಮತ್ತೆ ಸಮುದ್ರದಲ್ಲಿ ಬಾಸ್ ರಾಕ್, ಬೇಸಿಗೆಯಲ್ಲಿ ಗ್ಯಾನೆಟ್ ಹಕ್ಕಿಗಳು ಕೂತು ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ.

ಫೈಫ್‌ನಲ್ಲಿ ಈಲಿ ಮತ್ತು ಕ್ರೇಲ್. ಈಲಿಯ ಮೊದಲ ಹೋಲ್‌ನಲ್ಲಿ ಎದುರಿಗೆ ದಿಬ್ಬ, ಆಚೆ ಯಾರಿದ್ದಾರೆಂದು ಕಾಣುವುದಿಲ್ಲ. ಅದಕ್ಕೆ ಸ್ಟಾರ್ಟರ್ ಕುಳಿತುಕೊಳ್ಳುವ ಗೂಡಿನಲ್ಲಿ ಹಳೆಯ ಜಲಾಂತರ್ಗಾಮಿಯೊಂದರ ಪೆರಿಸ್ಕೋಪ್ ನಿಲ್ಲಿಸಿದ್ದಾರೆ. ಅದರಲ್ಲಿ ಕಣ್ಣಿಟ್ಟು ನೋಡಿ, ದಾರಿ ಖಾಲಿಯಾದ ಮೇಲೆ ನಿಮ್ಮನ್ನು ಬಿಡುತ್ತಾರೆ. ಕ್ರೇಲ್‌ನ ಕ್ಲಬ್ 1786ರದು. ಅಲ್ಲಿನ ಬಾಲ್ಕೋಮಿ ಕೋರ್ಸಿನಲ್ಲಿ ಮೊದಲ ಹೋಲ್‌ಗಳಲ್ಲೇ ಸಮುದ್ರ ಕಾಲ ಬುಡಕ್ಕೆ ಬರುತ್ತದೆ. ಇವೆರಡರ ಶುಲ್ಕ ದೊಡ್ಡ ಹೆಸರಿನ ಕೋರ್ಸ್‌ಗಳಿಗಿಂತ ಬಹಳ ಕಡಿಮೆ.

ಐದನೆಯದಾಗಿ ಕಿಂಗ್ಸ್‌ಬಾರ್ನ್ಸ್. ಶುಲ್ಕ ಭಾರವೇ, ಆದರೆ ನೀವು ಹೊರಟಿರುವುದು ಕಡಲ ನೋಟಕ್ಕೆ, ಅದನ್ನು ಮನಸ್ಸು ತುಂಬುವಷ್ಟು ಕೊಡುತ್ತದೆ. 2000ದಲ್ಲಿ ತೆರೆದ ಕೋರ್ಸ್ ಅದು. ಆ ದಿಬ್ಬಗಳನ್ನು ಕೈಲ್ ಫಿಲಿಪ್ಸ್ ಎಂಬ ವಿನ್ಯಾಸಕಾರರು ಮಣ್ಣು ಸರಿಸಿ ರೂಪಿಸಿದರು ಎಂದರೆ ನೋಡಿದವರು ನಂಬುವುದಿಲ್ಲ. ಆರನೆಯದು ಓಲ್ಡ್ ಕೋರ್ಸ್. ಅದರ ಶುಲ್ಕ ಬೇಸಿಗೆಯಲ್ಲಿ 300 ಪೌಂಡ್ ದಾಟಿದೆ.

ಪ್ರಶ್ನೆ (ಪುಣೆಯವರೊಬ್ಬರು): ಓಲ್ಡ್ ಕೋರ್ಸಿಗೆ ಸಮಯ ಸಿಗುವುದೇ ಇಲ್ಲ, ಏಜೆಂಟರಿಗೆ ಲಕ್ಷಗಟ್ಟಲೆ ಕೊಡಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ಪ್ಯಾಕೇಜ್ ಕೊಳ್ಳುವ ದಾರಿಯೂ ಇದೆ, ಆದರೆ ಅದೊಂದೇ ದಾರಿಯಲ್ಲ. ಆ ಕೋರ್ಸ್ ಯಾವ ಶ್ರೀಮಂತರ ಕ್ಲಬ್ಬಿಗೂ ಸೇರಿದ್ದಲ್ಲ, ಊರಿನ ಸಾರ್ವಜನಿಕ ನೆಲ. ಒಂದು ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಪ್ರತಿದಿನದ ಆಟಕ್ಕೆ ಎರಡು ದಿನ ಮೊದಲು ಚೀಟಿ ಎತ್ತುತ್ತಾರೆ, ಅದಕ್ಕೆ ಬ್ಯಾಲೆಟ್ ಎಂದು ಹೆಸರು. ಇಬ್ಬರಿಂದ ನಾಲ್ವರವರೆಗಿನ ಗುಂಪು ಹೆಸರು ಕೊಡಬಹುದು. ಸೇಂಟ್ ಆಂಡ್ರೂಸ್‌ನಲ್ಲಿ ನಾಲ್ಕೈದು ದಿನ ಇದ್ದು ದಿನವೂ ಹೆಸರು ಹಾಕಿ. ಸಿಗದಿದ್ದರೆ ಪಕ್ಕದಲ್ಲೇ 1895ರ ನ್ಯೂ ಕೋರ್ಸ್ ಇದೆ, 1897ರ ಜುಬಿಲಿ ಇದೆ. ಅದೇ ಮರಳು, ಅದೇ ಗಾಳಿ. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟ ಇರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನು ಮುದ್ರಿಸಿಕೊಂಡು ಹೋಗಿ, ಅಲ್ಲಿ ಕೇಳುತ್ತಾರೆ.

ಪ್ರಶ್ನೆ (ಮಡಗಾಂವ್‌ನ ಗೃಹಿಣಿ): ಅಣ್ಣ, ನನ್ನ ಯಜಮಾನರು ಆಡುತ್ತಾರೆ, ನಾನು ಆಡುವುದಿಲ್ಲ. ಇಂಥ ಪ್ರವಾಸದಲ್ಲಿ ನಮ್ಮಂಥವರು ಹೋಟೆಲಿನ ಕೋಣೆಯಲ್ಲೇ ಕಾಲ ಕಳೆಯಬೇಕಾಗುತ್ತದೆ. ಅಂಥ ಊರು ಬೇಡ.

ಉತ್ತರ: ಅಕ್ಕ, ಕೋರ್ಸ್ ಆರಿಸುವಾಗ ಎಲ್ಲರೂ ಮರೆಯುವ ಪ್ರಶ್ನೆ ಇದು. ಕೇಳಿದ್ದು ಒಳ್ಳೆಯದಾಯಿತು. ಊರಿಗೆ ಅಂಟಿಕೊಂಡ ಕೋರ್ಸನ್ನೇ ಆರಿಸಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನಾರ್ತ್ ಬೆರಿಕ್ ಎಡಿನ್‌ಬರೋದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಕೋರ್ಸಿನಿಂದ ಪೇಟೆಗೆ ನಡೆದೇ ಹೋಗಬಹುದು. ಸೇಂಟ್ ಆಂಡ್ರೂಸ್‌ನಲ್ಲಿ ಓಲ್ಡ್ ಕೋರ್ಸಿನ ಪಕ್ಕದಲ್ಲೇ ಹಿಮಾಲಯ ಎಂಬ ದೊಡ್ಡ ಪಟ್ಟಿಂಗ್ ಗ್ರೀನ್ ಇದೆ, ಉಬ್ಬುತಗ್ಗುಗಳಿಂದಾಗಿ ಆ ಹೆಸರು. 1867ರಲ್ಲಿ ಶುರುವಾದ ಹೆಂಗಸರ ಕ್ಲಬ್ಬಿನದು. ಕೆಲವೇ ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಭಾನುವಾರವಂತೂ ಓಲ್ಡ್ ಕೋರ್ಸೇ ಉದ್ಯಾನವಾಗುತ್ತದೆ. ಊರಿನವರು ನಾಯಿ ಕರೆದುಕೊಂಡು, ಮಕ್ಕಳನ್ನು ಕರೆದುಕೊಂಡು ಫೇರ್‌ವೇ ಮೇಲೆ ಅಡ್ಡಾಡುತ್ತಾರೆ. 18ನೇ ಹೋಲ್‌ನ ಸ್ವಿಲ್ಕನ್ ಸೇತುವೆಯ ಮೇಲೆ ನೀವಿಬ್ಬರೂ ಒಟ್ಟಿಗೆ ನಿಲ್ಲಿ.

ಮೇ ತಿಂಗಳಲ್ಲಿ ಹೋದರೆ ಇನ್ನೊಂದು ಸಿಗುತ್ತದೆ. ಅಲ್ಲಿ ಗೋರ್ಸ್ ಎಂಬ ಮುಳ್ಳಿನ ಪೊದೆ, ಮೈತುಂಬ ಹಳದಿ ಹೂ ಬಿಟ್ಟಿರುತ್ತದೆ. ಬಿಸಿಲು ಬಿದ್ದಾಗ ಹತ್ತಿರ ಹೋಗಿ ಮೂಸಿ ನೋಡಿ: ಕೊಬ್ಬರಿಯ ವಾಸನೆ! ಮೊದಲ ಸಲ ನಾನು ಚೆಂಡು ಹುಡುಕುತ್ತ ಆ ಪೊದೆಯ ಪಕ್ಕ ಬಗ್ಗಿದಾಗ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದ ಅಡುಗೆಮನೆಯೇ ಎದ್ದು ಬಂದಂತಾಯಿತು. ಚೆಂಡು ಸಿಗಲಿಲ್ಲ, ಆದರೂ ಆ ಜಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಪ್ರಶ್ನೆ (ಖಾರ್‌ಘರ್‌ನ ಯುವಕ): ಸರ್, ಅಷ್ಟು ದುಡ್ಡು ನನ್ನ ಬಳಿ ಇಲ್ಲ. ಗೋವಾದಲ್ಲೇ ಲಿಂಕ್ಸ್ ಇದೆಯಂತಲ್ಲ?

ಉತ್ತರ: ಕಾಣಕೋಣದ ರಾಜ್‌ಬಾಗ್ ಕಡಲತೀರದ ರೆಸಾರ್ಟಿನಲ್ಲಿ ಒಂಬತ್ತು ಹೋಲ್‌ಗಳ ಕೋರ್ಸ್ ಇದೆ. ಸಮುದ್ರ ಇದೆ, ಗಾಳಿ ಇದೆ, ರಜೆಗೆ ಚೆನ್ನಾಗಿದೆ. ಆದರೆ ಬಿಸಿ ದೇಶದ ಹುಲ್ಲು ಚೆಂಡನ್ನು ಹಿಡಿದುಕೊಳ್ಳುತ್ತದೆ, ಓಡಲು ಬಿಡುವುದಿಲ್ಲ. ಅದಕ್ಕೆ ಲಿಂಕ್ಸ್ ಎಂದು ಹೆಸರಿಟ್ಟು ಆಸೆ ಬೆಳೆಸಿಕೊಳ್ಳಬೇಡ ತಮ್ಮ, ಗಾಳಿಯಲ್ಲಿ ಆಡುವುದನ್ನು ಕಲಿಯಲು ಹೋಗು. ಸ್ವಲ್ಪ ದುಡ್ಡು ಸೇರಿದ ಮೇಲೆ ವಿಯೆಟ್ನಾಂನ ದಾ ನಾಂಗ್ ಕಡೆ ನೋಡು. ಅಲ್ಲಿ ಕಡಲಂಚಿನ ಮರಳಿನ ಮೇಲೆಯೇ ಗ್ರೆಗ್ ನಾರ್ಮನ್ ವಿನ್ಯಾಸ ಮಾಡಿದ ಕೋರ್ಸ್ ಇದೆ. ಬೆಚ್ಚಗಿನ ನಾಡಿನಲ್ಲಿ ಲಿಂಕ್ಸ್‌ನ ರುಚಿ ತೋರಿಸುವ ಜಾಗ ಅದು.

ಪ್ರಶ್ನೆ (ಮಾಟುಂಗದವರೇ ಮತ್ತೆ): ಸರ್, ಮೇ ಕೊನೆಯ ವಾರಕ್ಕೆ ನಿಶ್ಚಯಿಸಿದ್ದೇವೆ. ಕ್ಯಾಡಿ ಬೇಕೇ? ತಯಾರಿ ಏನು?

ಉತ್ತರ: ಕನಿಷ್ಠ ನಾರ್ತ್ ಬೆರಿಕ್ ಮತ್ತು ಓಲ್ಡ್ ಕೋರ್ಸಿನಲ್ಲಿ ಕ್ಯಾಡಿಯನ್ನು ತೆಗೆದುಕೊಳ್ಳಲೇಬೇಕು. ಹದಿಮೂರನೆಯ ವಯಸ್ಸಿನಿಂದ ನಾನೂ ಇದೇ ಚೆಂಬೂರಿನಲ್ಲಿ ಬ್ಯಾಗ್ ಹೊತ್ತವನು, ಆ ಕೆಲಸದ ಬೆಲೆ ಗೊತ್ತು. ಮೊದಲ ಸಲ ಸ್ಕಾಟ್ಲೆಂಡಿಗೆ ಹೋದಾಗ ಗ್ರೀನ್‌ನಿಂದ ಇಪ್ಪತ್ತು ಗಜ ದೂರದಲ್ಲಿ ವೆಜ್ (ಚೆಂಡನ್ನು ಮೇಲಕ್ಕೆ ಎತ್ತಿ ಹೊಡೆಯುವ ಕೋಲು) ತೆಗೆದುಕೊಂಡು ನಿಂತಿದ್ದೆ. ಅಲ್ಲಿನ ಹಿರಿಯ ಕ್ಯಾಡಿ ಏನೂ ಹೇಳದೆ ಪಟ್ಟರ್ (ಚೆಂಡನ್ನು ಉರುಳಿಸುವ ಕೋಲು) ಮುಂದೆ ಹಿಡಿದರು. ನಾನು ಒಪ್ಪಲಿಲ್ಲ. ವೆಜ್‌ನ ಅಂಚು ಗಟ್ಟಿ ನೆಲಕ್ಕೆ ಬಡಿದು ಪುಟಿಯಿತು, ಚೆಂಡು ಗ್ರೀನನ್ನು ಪೂರ್ತಿ ದಾಟಿ ಆಚೆಯ ಬಂಕರಿಗೆ ಬಿತ್ತು. ಮುಂದಿನ ಹೋಲ್‌ನಲ್ಲಿ ಅವರು ಮತ್ತೆ ಪಟ್ಟರ್ ಹಿಡಿದರು. ಅದು ಇನ್ನೂ ದೂರವಿತ್ತು, ನಡುವೆ ಒಂದು ಗುಳಿಯೂ ಇತ್ತು. ಈ ಸಲ ತೆಗೆದುಕೊಂಡೆ. ಚೆಂಡು ಗುಳಿಗೆ ಇಳಿದು, ಹತ್ತಿ, ಬಾಗಿ, ಧ್ವಜದಿಂದ ಮೂರಡಿಗೆ ನಿಂತಿತು. ಅವರು ತೋರಿಸಿದ ಗುರಿಗೂ ಧ್ವಜಕ್ಕೂ ಹದಿನೈದು ಅಡಿ ವ್ಯತ್ಯಾಸ ಇತ್ತು.

ತಯಾರಿಯ ಮಾತು. ಮಹಾಬಲೇಶ್ವರದ ಡಿಸೆಂಬರ್ ರಾತ್ರಿಗೆ ಬೇಕಾಗುವಷ್ಟು ಬೆಚ್ಚನೆಯ ಉಡುಪು, ಒಳ್ಳೆಯ ಮಳೆಯಂಗಿ. ಛತ್ರಿ ಗಾಳಿಗೆ ನಿಲ್ಲುವುದಿಲ್ಲ. ಡ್ರೈವರ್ ಎಂಬ ಉದ್ದ ಕೋಲಿನ ತಲೆ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನೊಳಗಿಡಿ. ರಾತ್ರಿ ಹತ್ತರವರೆಗೂ ಬೆಳಕು ಇರುವುದರಿಂದ ಬೆಳಗ್ಗೆ ಗಡಿಬಿಡಿ ಬೇಡ, ಕೆಲವು ಕಡೆ ಸಂಜೆಯ ಸುತ್ತಿಗೆ ಶುಲ್ಕವೂ ಕಡಿಮೆ. ಬರುವ ಭಾನುವಾರ ಆರು ಗಂಟೆಗೆ ನಾಲ್ವರೂ ಅಭ್ಯಾಸದ ರೇಂಜಿಗೆ ಬನ್ನಿ. ವೆಜ್‌ಗಳನ್ನು ಮನೆಯಲ್ಲೇ ಬಿಟ್ಟು ಏಳನೇ ಐರನ್ ಮತ್ತು ಪಟ್ಟರ್ ಮಾತ್ರ ತನ್ನಿ.